ಉಪ್ಪುನೀರಿನ ಸಣ್ಣ ತೊಟ್ಟಿಯಲ್ಲಿ ಬಣ್ಣ ಮತ್ತು ಜಗಳ

ಸಮುದ್ರದ ಮೀನನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸ ಬಹುಕಾಲ ನೀರಿನ ಚಿಂತೆಯಲ್ಲೇ ಕಳೆಯಿತು. 1853ರಲ್ಲಿ ಲಂಡನ್ ಮೃಗಾಲಯ ಅಕ್ವೇರಿಯಂ ತೆರೆದಾಗಲೂ, ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅದೇ ವಿಷಯದ ಮೇಲೆ ಪುಸ್ತಕ ಬರೆದಾಗಲೂ ಕಾಡಿದ್ದು ನೀರು ಕೆಡದಂತೆ ಇಡುವುದು ಹೇಗೆಂಬ ಪ್ರಶ್ನೆ. ನೆಮ್ಮದಿಯ ಉತ್ತರ ಸಿಗಲು ನೂರು ವರ್ಷ ಬೇಕಾಯಿತು. 1960ರ ದಶಕದ ಆರಂಭದಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್, ಸೂಕ್ಷ್ಮಜೀವಿಗಳು ನೆಲೆಸಿದ ಹವಳದ ಕಲ್ಲು ಮತ್ತು ಗಾಳಿಯ ಗುಳ್ಳೆ ಇಷ್ಟರಿಂದಲೇ ತೊಟ್ಟಿ ನಡೆಸಬಹುದೆಂದು ತೋರಿಸಿದರು. ಅದೇ ದಶಕದಲ್ಲಿ ಸಮುದ್ರದ ಉಪ್ಪಿನ ಸಿದ್ಧ ಮಿಶ್ರಣ ಅಂಗಡಿಗೆ ಬಂತು. ಮುಂದೆ ಜರ್ಮನ್ ಹವ್ಯಾಸಿಗಳು ಕಲ್ಲಿನ ಜೊತೆಗೆ, ನೀರಿನ ಹೊಲಸನ್ನು ನೊರೆಯಾಗಿ ಹೊರತೆಗೆಯುವ ಪ್ರೋಟೀನ್ ಸ್ಕಿಮ್ಮರನ್ನೂ ಸೇರಿಸಿದರು. ಇಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, 25-26 ಡಿಗ್ರಿ ಉಷ್ಣಾಂಶ ಕಾಯ್ದುಕೊಂಡರೆ ಬಯಲುಸೀಮೆಯ ಮನೆಯಲ್ಲೂ ಹವಳದಿಬ್ಬದ ಮೀನು ಬದುಕುತ್ತದೆ. ಆದರೆ ಆ ನೀರಲ್ಲಿ ಯಾವ ಮೀನು ಯಾವುದರ ಜೊತೆ ಬಾಳೀತು? ಅಂಗಡಿಯವರು ಇಷ್ಟು ಲೀಟರಿಗೆ ಇಷ್ಟು ಮೀನು ಎಂದು ಲೆಕ್ಕ ಹೇಳುತ್ತಾರೆ. ನೂರು ಲೀಟರಿನ ತೊಟ್ಟಿಯಲ್ಲಿ ಆ ಲೆಕ್ಕಕ್ಕಿಂತ ಮೀನಿನ ಸ್ವಭಾವವೇ ಮುಖ್ಯ. ಬಣ್ಣವನ್ನೂ ಸ್ವಭಾವದ ಒಂದು ಸುಳಿವಾಗಿಯೇ ಓದಬೇಕು.

ಈ ಓದಿಗೆ ದಾರಿ ಹಾಕಿದವರು ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆನ್ಜ್. ಆಕ್ರಮಣಶೀಲತೆಯ ಕುರಿತ 1963ರ ಪುಸ್ತಕದಲ್ಲಿ ಅವರು, ಹವಳದಿಬ್ಬದ ಮೀನುಗಳ ಕಣ್ಣು ಕೋರೈಸುವ ಬಣ್ಣ ಸ್ವಜಾತಿಯವರಿಗೆ ಹಾಕಿದ ಭಿತ್ತಿಪತ್ರ, ‘ಇದು ನನ್ನ ಜಾಗ’ ಎಂಬ ಎಚ್ಚರಿಕೆ ಎಂದು ವಾದಿಸಿದರು. ಅಕ್ವೇರಿಯಂನಲ್ಲಿ ಈ ಮಾತಿಗೆ ಪುಷ್ಟಿ ಕೊಡುವ ಉದಾಹರಣೆಯಿದೆ. ಕೆರಿಬಿಯನ್ನಿನ ರಾಯಲ್ ಗ್ರಾಮಾ ಮುಂದೆ ನೇರಳೆ, ಹಿಂದೆ ಹಳದಿ; ಪಶ್ಚಿಮ ಪೆಸಿಫಿಕ್‌ನ ರಾಯಲ್ ಡಾಟಿಬ್ಯಾಕ್ ಕೂಡ ಹಾಗೆಯೇ. ಸಮುದ್ರದಲ್ಲಿ ಎಂದೂ ಎದುರಾಗದ ಈ ಎರಡನ್ನು ಒಂದೇ ತೊಟ್ಟಿಗೆ ಬಿಟ್ಟರೆ ಡಾಟಿಬ್ಯಾಕ್ ಗ್ರಾಮಾವನ್ನು ಬೆನ್ನಟ್ಟಿ ಹಣ್ಣು ಮಾಡುತ್ತದೆ. ಲೊರೆನ್ಜ್ ಸಿದ್ಧಾಂತ ಎಲ್ಲ ಮೀನಿಗೂ ಹೊಂದುವುದಿಲ್ಲ, ಬಣ್ಣದ ಆಂಥಿಯಸ್, ಕ್ರೋಮಿಸ್‌ಗಳು ಗುಂಪಾಗಿ ಈಜುವುದಿಲ್ಲವೇ ಎಂಬ ಆಕ್ಷೇಪ ಸರಿಯೇ. ಆದರೆ ಅವು ಈಜುವುದು ತೆರೆದ ಕಡಲಲ್ಲಿ. ಸಣ್ಣ ತೊಟ್ಟಿಗೆ ಬಿಟ್ಟ ಐದಾರು ಹಸಿರು ಕ್ರೋಮಿಸ್‌ಗಳು ತಿಂಗಳುಗಳಲ್ಲಿ ಒಂದೊಂದಾಗಿ ಕಡಿಮೆಯಾಗುವುದು ಹವ್ಯಾಸಿಗಳಿಗೆ ಹಳೆಯ ಸಂಗತಿ.

ಹಾಗಾದರೆ ಜೋಡಿಯೇ ಬೇಡವೇ? ಬೇಕು, ಕ್ಲೌನ್ ಮೀನಿನದು. ಹಾನ್ಸ್ ಮತ್ತು ಸಿಮೋನ್ ಫ್ರಿಕೆ 1977ರಲ್ಲಿ ತೋರಿಸಿದಂತೆ ಈ ಮೀನುಗಳ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು. ಅದು ಸತ್ತರೆ ಅದರ ಗಂಡೇ ಹೆಣ್ಣಾಗುತ್ತದೆ. ಆದ್ದರಿಂದ ಗಾತ್ರದಲ್ಲಿ ವ್ಯತ್ಯಾಸವಿರುವ ಎರಡು ಎಳೆಯ ಮೀನು ತಂದರೆ ಜೋಡಿ ತಾನಾಗಿ ಕೂಡಿಕೊಳ್ಳುತ್ತದೆ. ಮೂರನೆಯದು ತಂದರೆ ಅದಕ್ಕೆ ಉಳಿಗಾಲವಿಲ್ಲ. ತಳದ ಮರಳಿಗೆ ಹಳದಿ ಗೋಬಿ ಮತ್ತು ಪಿಸ್ತೂಲ್ ಸೀಗಡಿ ಒಳ್ಳೆಯ ಜೊತೆ. ಕಣ್ಣು ಮಂದವಾದ ಸೀಗಡಿ ಬಿಲ ತೋಡುತ್ತ ಮರಳು ಹೊರಹಾಕುತ್ತದೆ, ಹೊರಬಂದಾಗ ಒಂದು ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಗೋಬಿ ಬಾಲ ಅದುರಿಸಿದ ಕೂಡಲೇ ಎರಡೂ ಒಳಗೆ. ಮಲಾವಿ ಸರೋವರದ ಸಿಕ್ಲಿಡ್ ಸಾಕುವವರು ಮೀನು ಒತ್ತೊತ್ತಾಗಿ ತುಂಬಿ ಜಗಳ ಹಂಚಿಬಿಡುತ್ತಾರಲ್ಲ ಎಂದು ಕೇಳಬಹುದು. ಅದು ದೊಡ್ಡ ತೊಟ್ಟಿಯ, ಬಲವಾದ ಫಿಲ್ಟರಿನ, ಸಿಹಿನೀರಿನ ಉಪಾಯ. ನೂರು ಲೀಟರ್ ಉಪ್ಪುನೀರಿನಲ್ಲಿ ಒಂದೊಂದು ಮೀನು ಹೆಚ್ಚಿದಂತೆ ಹೊಲಸೂ ಏರುತ್ತದೆ, ಅಡಗುವ ಸಂದಿಯೂ ಕಮ್ಮಿಯಾಗುತ್ತದೆ.

2003ರ ‘ಫೈಂಡಿಂಗ್ ನೀಮೋ’ ಚಿತ್ರದ ನೀಲಿ ಡೋರಿ ಈ ಪಟ್ಟಿಗೆ ಸೇರದು. ಅದು ಒಂದಡಿಯವರೆಗೆ ಬೆಳೆಯುವ ಮೀನು. ಮ್ಯಾಂಡರಿನ್ ಮೀನು ಇನ್ನಷ್ಟು ಚೆಲುವಾದದ್ದು, ಆದರೆ ಅದಕ್ಕೆ ಆಹಾರವಾಗಿ ಬೇಕಾದ ಕೋಪಿಪಾಡ್‌ ಎಂಬ ಜೀವಂತ ಪುಟ್ಟ ಜೀವಿಗಳು ಸಣ್ಣ ತೊಟ್ಟಿಯಲ್ಲಿ ಬೇಗ ಮುಗಿದು ಮೀನು ಉಪವಾಸ ಬೀಳುತ್ತದೆ. ಕಡಲಿನಿಂದ ಹಿಡಿಯದೆ ತೊಟ್ಟಿಯಲ್ಲೇ ಮರಿ ಮಾಡಿಸಿದ ಮೀನು ಸಿಗುವುದೇ ಇತ್ತೀಚಿನ ದೊಡ್ಡ ಅನುಕೂಲ. ಅಮೆರಿಕದ ಮಾರ್ಟಿನ್ ಮೋ 1970ರ ದಶಕದಲ್ಲಿ ಕ್ಲೌನ್ ಮೀನನ್ನು ವಾಣಿಜ್ಯವಾಗಿ ಬೆಳೆಸಿದರು. ನಮ್ಮಲ್ಲಿ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಮಂಡಪಂ ಮತ್ತು ವಿಳಿಂಜಂನಲ್ಲಿ ಆ ತಂತ್ರ ರೂಪಿಸಿತು. ಇಂಥ ಮೀನು ತೊಟ್ಟಿಯ ಆಹಾರಕ್ಕೆ ಆಗಲೇ ಒಗ್ಗಿರುತ್ತದೆ. ನೂರು ಲೀಟರಿಗೆ ಕ್ಲೌನ್ ಜೋಡಿ, ಒಂದು ಗ್ರಾಮಾ, ಸೀಗಡಿಯ ಜೊತೆ ಒಂದು ಗೋಬಿ ಸಾಕು. ಗೋಬಿಯನ್ನು ಮೊದಲು ಬಿಡಿ, ಜಗಳಗಂಟ ಕ್ಲೌನ್‌ಗಳನ್ನು ಕೊನೆಗೆ. ಗ್ರಾಮಾ, ಗೋಬಿ ಎರಡೂ ಹಾರುವುದರಿಂದ ತೊಟ್ಟಿಗೆ ಮುಚ್ಚಳವಿರಲಿ. ಅಂಗಡಿಯವರು ಕಡಲ್ಗುದುರೆಯನ್ನೋ ನಮ್ಮ ಕಡಲಿನಿಂದ ಕಿತ್ತ ಜೀವಂತ ಹವಳವನ್ನೋ ತೋರಿಸಿದರೆ ಕೊಳ್ಳಬೇಡಿ: ಎರಡಕ್ಕೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.