ಕಲಾಶಾಲೆಯ ಸ್ಟುಡಿಯೊ: ಗದಗ–ಧಾರವಾಡ ಸೀಮೆಯಲ್ಲಿ ಅದರ ಇತಿಹಾಸ

ಕಲಾಶಾಲೆಯ ಸ್ಟುಡಿಯೊ ಎಂದರೆ ಚಿತ್ರ, ಶಿಲ್ಪ, ಮುದ್ರಣಚಿತ್ರಗಳನ್ನು ಕಲಿಸುವ ಶಾಲೆ, ಕಾಲೇಜು ಮತ್ತು ವಿಶ್ವವಿದ್ಯಾಲಯ ವಿಭಾಗಗಳಲ್ಲಿ ವಿದ್ಯಾರ್ಥಿಗಳು ಕೆಲಸ ಮಾಡುವ ಕೋಣೆಗಳು ಹಾಗೂ ಆ ಕೆಲಸಕ್ಕೆ ಬೇಕಾದ ಸಲಕರಣೆಗಳು. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಲ್ಲಿ ವಿಶ್ವವಿದ್ಯಾಲಯವಿಲ್ಲ. ಇಲ್ಲಿ ಚಿತ್ರಕಲೆ ಕಲಿಯಬೇಕೆಂದವರು ಗದಗ, ಹುಬ್ಬಳ್ಳಿ, ಧಾರವಾಡದ ಹಾದಿ ಹಿಡಿದರು. ಈಚಿನವರು ಬಾದಾಮಿಗೂ ಹೋಗುತ್ತಾರೆ. 1997ರಲ್ಲಿ ಗದಗ ಜಿಲ್ಲೆಯಾಗುವವರೆಗೆ ಈ ಭಾಗವೆಲ್ಲ ಧಾರವಾಡ ಜಿಲ್ಲೆಗೆ ಸೇರಿತ್ತು, ಅದಕ್ಕೂ ಮೊದಲು, 1956ರವರೆಗೆ, ಮುಂಬೈ ಆಡಳಿತಕ್ಕೆ. ಆದ್ದರಿಂದ ಇಲ್ಲಿನ ಸ್ಟುಡಿಯೊದ ಕಥೆ ಮುಂಬೈಯಿಂದಲೇ ಶುರುವಾಗಬೇಕು. ಒಂದು ಶಾಲೆಯ ಕೋಣೆಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದು ಆ ಸೀಮೆಯಲ್ಲಿ ಯಾವ ಕಲೆ ಬೆಳೆಯಿತು, ಯಾವುದು ಬಡವಾಯಿತು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದೆ.

ಸರ್ ಜಮ್ಶೆಟ್ಜಿ ಜೀಜೀಭಾಯ್ ಅವರ ದಾನದಿಂದ ಮುಂಬೈಯಲ್ಲಿ 1857ರಲ್ಲಿ ಆರಂಭವಾದ ಜೆ.ಜೆ. ಕಲಾಶಾಲೆ ಬ್ರಿಟಿಷ್ ಮಾದರಿಯ ಪಾಠಕ್ರಮವನ್ನು ತಂದಿತು. ಮೊದಲು ಗೆರೆ, ಆಮೇಲೆ ಘನಾಕೃತಿ, ಆಮೇಲೆ ಪ್ಲಾಸ್ಟರಿನ ಅಚ್ಚುಮೂರ್ತಿ, ಕೊನೆಗೆ ಜೀವಂತ ಮಾದರಿ. ಈ ಕ್ರಮದ ನೆರಳಿನಲ್ಲೇ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳು ಪ್ರಾಂತದ ತುಂಬ ಹಬ್ಬಿದವು. ಪರೀಕ್ಷೆ ಪಾಸಾದವರಿಗೆ ಮುಂದಿನ ತರಬೇತಿ, ತರಬೇತಿ ಮುಗಿಸಿದವರಿಗೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರ ನೌಕರಿ. ಎರೆಭೂಮಿಯ ಮಳೆಯಾಶ್ರಿತ ಒಕ್ಕಲುತನದ ಮನೆಗಳಿಂದ ಬಂದ ಹುಡುಗರಿಗೆ ಆ ನೌಕರಿ ದೊಡ್ಡ ಆಸರೆ. ಶಾಲೆಗಳು ಪರೀಕ್ಷೆಗೆ ಬೇಕಾದ್ದನ್ನು ಕೊಂಡವು; ಪರೀಕ್ಷೆ ಕೇಳದ್ದನ್ನು ಕೊಳ್ಳಲು ಅವುಗಳ ಬಳಿ ಹಣವೂ ಇರಲಿಲ್ಲ.

ಗದಗಿನಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾಶಾಲೆ, ಹುಬ್ಬಳ್ಳಿಯಲ್ಲಿ ಎಂ.ವಿ. ಮಿಣಜಗಿಯವರ ನೂತನ ಕಲಾಮಂದಿರ, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರ ಸ್ಕೂಲ್ ಆಫ್ ಆರ್ಟ್ ಈ ಸೀಮೆಯ ತಾಯಿಬೇರುಗಳು. ಮೂರೂ ಸರ್ಕಾರ ಕಟ್ಟಿಸಿದ ಸಂಸ್ಥೆಗಳಲ್ಲ. ಒಬ್ಬೊಬ್ಬ ಕಲಾವಿದ ತನ್ನ ದುಡಿಮೆ, ತನ್ನ ಹೆಸರು ಎರಡನ್ನೂ ಪಣಕ್ಕಿಟ್ಟು ಕಟ್ಟಿದವು. ಇಂಥ ಶಾಲೆಯ ಸ್ಟುಡಿಯೊ ಎಂದರೆ ಬೆಳಕು ಚೆನ್ನಾಗಿ ಬೀಳುವ ಒಂದು ಉದ್ದನೆಯ ಕೋಣೆ. ನಡುವೆ ವಸ್ತುಚಿತ್ರಕ್ಕೆ ಹಿತ್ತಾಳೆಯ ತಂಬಿಗೆ, ಮಡಕೆ, ಮಡಿಕೆಬಿದ್ದ ಅರಿವೆ ಜೋಡಿಸಿದ ಮೇಜು. ಅದರ ಸುತ್ತ ‘ಡಾಂಕಿ’ಗಳು. ಡಾಂಕಿ ಎಂದರೆ ತಗ್ಗು ಬೆಂಚು: ಒಂದು ತುದಿಯಲ್ಲಿ ಬೋರ್ಡು ಒರಗಿಸಲು ಅಡ್ಡಪಟ್ಟಿ, ಇನ್ನೊಂದು ತುದಿಯಲ್ಲಿ ಕಾಲು ಇಬ್ಬದಿಗೆ ಚಾಚಿ ಕೂರುವ ಜಾಗ. ಊರಿನ ಬಡಿಗೇರರು ಬೇವಿನ ಇಲ್ಲವೆ ಜಾಲಿಯ ಕಟ್ಟಿಗೆಯಲ್ಲಿ ಮಾಡಿಕೊಡಬಹುದಾದ ಸಾಮಾನು ಅದು. ನಿಂತು ಚಿತ್ರ ಬರೆಯುವ ಈಸಲ್ಲಿಗಿಂತ ಅಗ್ಗ, ಗಟ್ಟಿ, ಜಾಗವೂ ಕಡಿಮೆ. ಆದರೆ ಡಾಂಕಿಯಲ್ಲಿ ಕೂತವನ ಕೈ ಮೊಣಕೈಯಿಂದ ಕೆಳಗೆ ಮಾತ್ರ ಆಡುತ್ತದೆ. ಭುಜದಿಂದ ಬರುವ ದೊಡ್ಡ ಗೆರೆ, ನಾಲ್ಕು ಹೆಜ್ಜೆ ಹಿಂದೆ ಸರಿದು ಚಿತ್ರವನ್ನು ದೂರದಿಂದ ನೋಡುವ ಅಭ್ಯಾಸ ಈಸಲ್ ಮುಂದೆ ನಿಂತವನಿಗೆ ಮಾತ್ರ ಬರುತ್ತದೆ. ಇಂಪೀರಿಯಲ್ ಹಾಳೆಯ ಅಳತೆ ಮೀರದ ಜಲವರ್ಣ ಈ ಭಾಗದಲ್ಲಿ ಅಷ್ಟು ಸೊಗಸಾಗಿ ಬೆಳೆದುದಕ್ಕೆ ಈ ಬೆಂಚಿನ ಪಾಲೂ ಇದೆ ಎಂದು ಹೇಳಬಹುದು.

ಅಚ್ಚುಮೂರ್ತಿಗಳ ವಿಷಯವನ್ನು ತುಸು ನಿಂತು ನೋಡಬೇಕು. ಮುಂಬೈ ಪದ್ಧತಿಯ ಶಾಲೆಗಳಲ್ಲಿ ಗ್ರೀಕ್, ರೋಮನ್ ಶಿಲ್ಪಗಳ ಪ್ಲಾಸ್ಟರ್ ಪ್ರತಿಗಳನ್ನು ಮುಂದಿಟ್ಟುಕೊಂಡು ನೆರಳು–ಬೆಳಕು ಕಲಿಸುತ್ತಿದ್ದರು: ಒಂದು ಪಾದ, ಒಂದು ಮುಷ್ಟಿ, ಕಣ್ಣು ಮೂಗು ಬಿಡಿಬಿಡಿಯಾಗಿ, ಆಮೇಲೆ ಇಡೀ ತಲೆ. ಬಿಳಿ ಪ್ಲಾಸ್ಟರಿನ ಮೇಲೆ ನೆರಳಿನ ಹಂತಗಳು ಸ್ಪಷ್ಟವಾಗಿ ಕಾಣುವುದರಿಂದ ಕಲಿಯುವವರಿಗೆ ಅದು ನಿಜಕ್ಕೂ ಒಳ್ಳೆಯ ಸಾಧನ. ಆದರೆ ಗದಗಿನಿಂದ ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ ಬಳಪದ ಕಲ್ಲಿನ ಕಂಬಗಳು ಚರಕಿಯಲ್ಲಿ ತಿರುಗಿಸಿದಷ್ಟು ನುಣುಪಾಗಿ ನಿಂತಿವೆ. ಹಳೆಯ ರೋಣ ತಾಲ್ಲೂಕಿನ, ಈಗ ಗಜೇಂದ್ರಗಡ ತಾಲ್ಲೂಕಿಗೆ ಸೇರಿದ ಸೂಡಿಯಲ್ಲಿ ಹನ್ನೊಂದನೆಯ ಶತಮಾನದ ಜೋಡುಕಳಸದ ಗುಡಿಯೂ ಕೆತ್ತನೆಯ ನಾಗಕುಂಡವೂ ಇವೆ. ಅವುಗಳಿಂದ ತೆಗೆದ ಅಚ್ಚುಗಳು ನಮ್ಮ ಡ್ರಾಯಿಂಗ್ ಕೋಣೆಗಳ ನಡುವಿಗೆ ಬರಲಿಲ್ಲ. ಗುಡಿಗೆ ಹೋಗಿ ಸ್ಕೆಚ್ ಮಾಡಿಕೊಂಡು ಬರುವುದು ಪ್ರವಾಸದ ದಿನದ ಕೆಲಸವಾಯಿತು, ನಿತ್ಯದ ಅಭ್ಯಾಸ ವೀನಸ್ಸಿನ ತಲೆಯದೇ ಆಗಿ ಉಳಿಯಿತು. ಈ ಸೀಮೆಯ ಕಲಾಶಿಕ್ಷಣಕ್ಕೆ ಆದ ನಷ್ಟಗಳಲ್ಲಿ ಇದು ಸಣ್ಣದಲ್ಲ. ಜೆ.ಜೆ. ಶಾಲೆಯಲ್ಲೇ ಭಾರತೀಯ ಶೈಲಿ ಕಲಿಸುತ್ತಿದ್ದ ಜೆ.ಎಂ. ಅಹಿವಾಸಿಯವರು ಬಾದಾಮಿಯ ಗುಹಾಚಿತ್ರಗಳ ಪ್ರತಿ ಮಾಡಲು ಇಲ್ಲಿಗೆ ಬಂದದ್ದನ್ನು ನೆನೆದರೆ ಆ ನಷ್ಟ ಇನ್ನೂ ಎದ್ದು ಕಾಣುತ್ತದೆ.

ಬಣ್ಣ, ಕುಂಚ, ಹಾಳೆ ಬಹುಕಾಲ ಮುಂಬೈ ಅಂಗಡಿಗಳ ಮೂಲಕವೇ ಬರುತ್ತಿದ್ದವು. ವಿನ್ಸರ್ ಆ್ಯಂಡ್ ನ್ಯೂಟನ್ ಟ್ಯೂಬು, ವಾಟ್ಮನ್ ಹಾಳೆ ಹಣವಿದ್ದವರ ಮಾತು. 1931ರಲ್ಲಿ ಶಾಯಿ ತಯಾರಿಕೆಯಿಂದ ಹೊರಟ ಮುಂಬೈಯ ಕ್ಯಾಮ್ಲಿನ್ ಕಂಪನಿ ಮುಂದೆ ಕಲಾವಿದರ ಬಣ್ಣಗಳನ್ನೂ ತಯಾರಿಸತೊಡಗಿದ ಮೇಲೆ ಸಾಧಾರಣ ವಿದ್ಯಾರ್ಥಿಯ ಪೆಟ್ಟಿಗೆ ತುಂಬಿತು. ಕ್ಯಾನ್ವಾಸಿಗೆ ಮಾತ್ರ ಊರಿನ ಉಪಾಯವೇ ಬಹಳ ದಿನ ನಡೆಯಿತು: ಮಾದರಪಾಟ ಅರಿವೆಯನ್ನು ಕಟ್ಟಿಗೆಯ ಚೌಕಟ್ಟಿಗೆ ಬಿಗಿದು, ಬಿಸಿ ಸರೇಸು (ಅಂಟು) ಬಳಿದು, ಒಣಗಿದ ಮೇಲೆ ಸಫೇತು ಪುಡಿ ಕಲಸಿ ಎರಡು ಕೈ ಹಚ್ಚಿ, ಉಸುಕುಕಾಗದದಿಂದ ತಿಕ್ಕುವುದು. ಸರೇಸು ಹೆಚ್ಚಾದರೆ ಬಣ್ಣದ ಪದರು ಬಿರಿಯುತ್ತದೆ, ಕಡಿಮೆಯಾದರೆ ಅರಿವೆ ಎಣ್ಣೆ ಕುಡಿದು ಕ್ರಮೇಣ ಶಿಥಿಲವಾಗುತ್ತದೆ. ಇದೇ ಸರೇಸು, ಇದೇ ಪುಡಿಬಣ್ಣ ಉತ್ತರ ಕರ್ನಾಟಕದ ನಾಟಕ ಕಂಪನಿಗಳ ಪರದೆಗಳಲ್ಲೂ ಇದ್ದವು. ಅರಮನೆ, ಅಡವಿ, ಬೀದಿಯ ಸೀನು ಬರೆಯುವವರು ಪರದೆಯನ್ನು ನೆಲಕ್ಕೆ ಹಾಸಿ ಇಲ್ಲವೆ ಗೋಡೆಗೆ ತೂಗಿ, ಉದ್ದ ಹಿಡಿಕೆಯ ಕುಂಚದಿಂದ ಕೆಲಸ ಮಾಡುತ್ತಿದ್ದರು. ದೊಡ್ಡ ಅಳತೆಯ ಚಿತ್ರ ಬರೆಯುವ ವಿದ್ಯೆ ಶಾಲೆಯ ಕೋಣೆಯೊಳಗೆ ಇರಲಿಲ್ಲ, ಕಂಪನಿಯ ತಗಡಿನ ಥೇಟರಿನಲ್ಲಿತ್ತು.

ಮೈಸೂರಿನ ದಾರಿ ಬೇರೆ. ಅಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲಿ, ಮುಂದೆ ಐದನೆಯ ಜಾರ್ಜ್ ಆದ ವೇಲ್ಸ್ ರಾಜಕುಮಾರರಿಂದ ಶಂಕುಸ್ಥಾಪನೆಯಾಯಿತು. ಗಂಧದ ಕೆತ್ತನೆ, ದಂತದ ಕೆಲಸ, ಬೀಟೆಯ ಮೇಲೆ ಕುಸುರಿ, ಲೋಹದ ಕೆಲಸ ಇವುಗಳ ಕಾರ್ಯಾಗಾರಗಳ ಜೊತೆಗೇ ಚಿತ್ರಕಲೆ ಬೆಳೆಯಿತು. ಅಂದರೆ ರಾಜಾಶ್ರಯದ ಸಂಸ್ಥೆಗೆ ಮೊದಲ ದಿನದಿಂದಲೂ ಉಪಕರಣಗಳಿದ್ದವು. ಅದೇ ಪರಂಪರೆಯ ಮೇಲೆ 1981ರಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಅಂದರೆ ಕಾವಾ ರೂಪುಗೊಂಡಿತು. ಅದರ ಹಿಂದೆ ಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರ ಸಲಹೆ ಇತ್ತು. ಚಿತ್ರ, ಶಿಲ್ಪ, ಗ್ರಾಫಿಕ್ (ಮುದ್ರಣಚಿತ್ರ), ಅನ್ವಯಿಕ ಕಲೆ, ಛಾಯಾಚಿತ್ರಗಳಿಗೆ ಅಲ್ಲಿ ಬೇರೆಬೇರೆ ವಿಭಾಗಗಳಾದವು.

ಕಲಾಶಿಕ್ಷಣ ವಿಶ್ವವಿದ್ಯಾಲಯದ ಒಳಗೆ ಬಂದದ್ದು ಸ್ವಾತಂತ್ರ್ಯದ ನಂತರ. 1950ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಲಲಿತಕಲಾ ನಿಕಾಯ ಭಾರತದಲ್ಲಿ ಮೊದಲು ಕಲೆಗೆ ಪದವಿ ಕೊಟ್ಟಿತು, ಎನ್.ಎಸ್. ಬೇಂದ್ರೆ ಚಿತ್ರಕ್ಕೆ, ಶಂಖೋ ಚೌಧುರಿ ಶಿಲ್ಪಕ್ಕೆ ಅಡಿಪಾಯ ಹಾಕಿದರು. ಪದವಿಗಿಂತ ಮುಖ್ಯವಾದುದು, ಶಿಲ್ಪ ಮತ್ತು ಗ್ರಾಫಿಕ್‌ಗೆ ತಮ್ಮದೇ ಜಾಗ, ತಮ್ಮದೇ ಯಂತ್ರ ಬೇಕೆಂಬ ತಿಳಿವಳಿಕೆ ಅಲ್ಲಿಂದ ಹರಡಿತು. ಕರ್ನಾಟಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಸಂಗೀತ ಮತ್ತು ಲಲಿತಕಲೆಗೆ ಕಾಲೇಜು ನಡೆಸಿತು. 1964ರಲ್ಲಿ ದಾವಣಗೆರೆಯಲ್ಲಿ ಆರಂಭವಾದ ಸರ್ಕಾರಿ ಕಲಾಶಾಲೆ ಇಂದು ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಶಿಲ್ಪ ಮತ್ತು ಚಿತ್ರಕಲೆಯ ಕೇಂದ್ರವನ್ನು ಬಾದಾಮಿಯ ಬನಶಂಕರಿಯಲ್ಲಿ ತೆರೆಯಿತು. ರೋಣದ ಮಗ್ಗುಲಲ್ಲೇ ಇರುವ, ಮರಳುಗಲ್ಲಿನ ಬೆಟ್ಟಗಳ ನಡುವಿನ ಈ ಜಾಗದ ಆಯ್ಕೆ ನನ್ನ ದೃಷ್ಟಿಯಲ್ಲಿ ಇಡೀ ಇತಿಹಾಸದಲ್ಲೇ ಅತ್ಯಂತ ವಿವೇಕದ್ದು.

ಮುದ್ರಣಚಿತ್ರದ ಸ್ಟುಡಿಯೊ ಈ ಸೀಮೆಗೆ ತಡವಾಗಿ ಬರಲು ಕಾರಣ ಸರಳ: ಅದನ್ನು ಬಡಿಗೇರರಿಂದ ಮಾಡಿಸಲಾಗದು. ಎಚಿಂಗ್ ಪ್ರೆಸ್ಸೆಂದರೆ ಎರಡು ಉಕ್ಕಿನ ರೋಲರುಗಳ ನಡುವೆ ಸರಿಯುವ ದಪ್ಪ ಹಾಸು, ಅದನ್ನು ಎಳೆಯುವ ಗೇರು ಮತ್ತು ಹಿಡಿಕೆ, ಮೇಲೆ ಉಣ್ಣೆಯ ಫೆಲ್ಟ್ ಕಂಬಳಿ. ಸತುವಿನ ತಗಡಿಗೆ ಮೇಣ–ಡಾಂಬರಿನ ಲೇಪ ಕೊಟ್ಟು, ಸೂಜಿಯಿಂದ ಗೆರೆ ಎಳೆದು, ತೆಳು ಮಾಡಿದ ನೈಟ್ರಿಕ್ ಆಮ್ಲದ ತಟ್ಟೆಗೆ ಇಳಿಸುತ್ತಾರೆ. ಗೆರೆಯ ಮೇಲೆ ಗುಳ್ಳೆಗಳು ಮುತ್ತಿಕೊಳ್ಳುತ್ತವೆ. ಅವನ್ನು ಹಕ್ಕಿಯ ಗರಿಯಿಂದ ಮೆಲ್ಲಗೆ ಸವರಿ ತೆಗೆಯದಿದ್ದರೆ ಗೆರೆ ಒಂದೇ ಸಮ ಕೊರೆಯುವುದಿಲ್ಲ. ಏಳುವ ಹೊಗೆ ಶ್ವಾಸಕೋಶಕ್ಕೆ ಕೇಡು. ಆದ್ದರಿಂದ ಆಮ್ಲದ ಕೋಣೆಗೆ ಗಾಳಿ ಹೊರಗೆಳೆಯುವ ಫ್ಯಾನು, ಹತ್ತಿರದಲ್ಲೇ ಹರಿಯುವ ನೀರು, ಬೇರೆಯಾದ ಚರಂಡಿ ಬೇಕು. ತರಗತಿಯ ಮೂಲೆಯಲ್ಲಿ ತಟ್ಟೆ ಇಟ್ಟುಕೊಂಡು ಮಾಡುವ ಕೆಲಸವಲ್ಲ ಇದು. ಕಲ್ಲಚ್ಚಿಗಂತೂ ಜರ್ಮನಿಯ ಸೋಲ್ನ್‌ಹೋಫನ್ನಿನ ಸುಣ್ಣದಕಲ್ಲು ಬೇಕಿತ್ತು. ರಾಜಾ ರವಿವರ್ಮರು 1894ರಲ್ಲಿ ಮುಂಬೈಯಲ್ಲಿ ತೆರೆದ ಮುದ್ರಣಾಲಯದ ದೇವರ ಪಟಗಳು ನಮ್ಮ ಮನೆಮನೆಯ ಗೋಡೆಗೆ ಬಂದವು, ಆ ಕಲ್ಲು ನಮ್ಮ ಶಾಲೆಗಳಿಗೆ ಬರಲಿಲ್ಲ. ಹೀಗಾಗಿ ಗ್ರಾಫಿಕ್ ಕಲಿಯಬೇಕೆಂದವರು ದೂರ ಹೋಗಬೇಕಾಯಿತು. ಕನ್ನಡ ಪತ್ರಿಕೆಗಳ ಓದುಗರಿಗೆ ಚಿತ್ರಗಳಿಂದ ಪರಿಚಿತರಾದ ಕೆ. ಚಂದ್ರನಾಥ ಆಚಾರ್ಯ ಅದಕ್ಕಾಗಿ ಶಾಂತಿನಿಕೇತನಕ್ಕೆ ಹೋದರು. ಪ್ರೆಸ್ಸಿಲ್ಲದ ಕಡೆ ಲಿನೋಲಿಯಂ ಇಲ್ಲವೆ ಮರದ ಹಲಗೆ ಕೊರೆದು, ಚಮಚದ ಬೆನ್ನಿನಿಂದ ಉಜ್ಜಿ ಅಚ್ಚು ತೆಗೆಯುವ ಪಾಠ ಉಳಿದುಕೊಂಡಿತು. ಅದು ಬಡವರ ದಾರಿಯೆಂದು ಕಡೆಗಣಿಸಬಾರದು. ಕಪ್ಪುಬಿಳುಪಿನ ಅತ್ಯುತ್ತಮ ಶಿಸ್ತು ಅದರಲ್ಲಿದೆ.

ಶಿಲ್ಪಕ್ಕೆ ಮೊದಲು ಬೇಕಾದದ್ದು ಮಣ್ಣು. ರೋಣ, ನರಗುಂದದ ಎರೆಮಣ್ಣು ಜೋಳ, ಹತ್ತಿಗೆ ಬಂಗಾರ, ಮೂರ್ತಿಗೆ ಒಲ್ಲದು. ಹಸಿಯಾದಾಗ ಹಿಗ್ಗಿ, ಒಣಗುವಾಗ ಕುಗ್ಗಿ ಬಾಯಿಬಿಡುವುದು ಅದರ ಗುಣ. ಹಾಗಾಗಿ ಕುಂಬಾರರು ಬಳಸುವ ಕೆರೆಯ ಜೇಡಿ ತರಿಸಿ, ನೆನೆಹಾಕಿ, ಸೋಸಿ, ಒದ್ದೆ ಗೋಣಿಯಲ್ಲಿ ಸುತ್ತಿ ತೊಟ್ಟಿಯಲ್ಲಿ ಕಾಪಾಡಬೇಕು. ತಿರುಗುವ ಸ್ಟ್ಯಾಂಡು, ಒಳಗಿನ ಕಬ್ಬಿಣದ ಅಸ್ಥಿಪಂಜರ, ಪ್ಲಾಸ್ಟರ್ ಅಚ್ಚು ತೆಗೆಯುವ ಜಾಗ ಇವಿಷ್ಟು ಸಣ್ಣ ಕಾಲೇಜಿಗೂ ನಿಲುಕುತ್ತವೆ. ಸುಮಾರು 1,000 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುವ ವಿದ್ಯುತ್ ಭಟ್ಟಿ ಅಥವಾ ಕಂಚು ಕರಗಿಸುವ ಕುಲುಮೆ ನಿಲುಕುವುದಿಲ್ಲ. ಭಟ್ಟಿಯ ಬೆಲೆ ಒಂದು ಕಡೆ, ಅದು ಎಳೆಯುವ ಕರೆಂಟು ಇನ್ನೊಂದು ಕಡೆ. ಕಲ್ಲಿನ ಕೆಲಸಕ್ಕೆ ತೆರೆದ ಚಪ್ಪರ, ಕಲ್ಲು ಎತ್ತುವ ಸರಪಳಿ ರಾಟೆ, ಉಳಿ, ಸುತ್ತಿಗೆ ಸಾಕಾಗಿದ್ದ ಕಾಲ ಹೋಗಿ ಗ್ರೈಂಡರ್ ಬಂದಿದೆ. ಕೈಯುಳಿಯಿಂದ ಚಕ್ಕೆ ಹಾರುತ್ತಿತ್ತು, ಗ್ರೈಂಡರಿನಿಂದ ಹಿಟ್ಟಿನಂಥ ಧೂಳು ಏಳುತ್ತದೆ. ಬಾದಾಮಿಯ ಮರಳುಗಲ್ಲು ಬಹುಪಾಲು ಸಿಲಿಕಾ; ಆ ಧೂಳು ವರ್ಷಗಟ್ಟಲೆ ಎದೆಯೊಳಗೆ ಹೋದರೆ ಸಿಲಿಕೋಸಿಸ್, ಅದಕ್ಕೆ ಮದ್ದಿಲ್ಲ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಆ ಸೂಕ್ಷ್ಮ ಧೂಳು ತಡೆಯುವುದಿಲ್ಲ. ಕಲ್ಲಿಗೆ ನೀರು ಬಿಡುವ ವ್ಯವಸ್ಥೆ ಮತ್ತು ಸರಿಯಾದ ಮಾಸ್ಕನ್ನು ಉಳಿಯಷ್ಟೇ ಅಗತ್ಯವಾದ ಸಲಕರಣೆಯೆಂದು ಲೆಕ್ಕಕ್ಕೆ ಹಿಡಿಯಬೇಕು.

ಬೆಳಕಿನ ವಿಷಯದಲ್ಲೂ ಎರವಲು ನಿಯಮವೊಂದಿದೆ. ಸ್ಟುಡಿಯೊದ ಕಿಟಕಿ ಉತ್ತರಕ್ಕಿರಬೇಕು, ಆಗ ದಿನವಿಡೀ ಬಿಸಿಲು ನೇರ ಬೀಳದೆ ನೆರಳು ಸ್ಥಿರವಾಗಿರುತ್ತದೆ ಎಂಬುದು ಯುರೋಪಿನ ಅನುಭವ. ರೋಣ ಇರುವುದು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಇಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಉತ್ತರದ ಕಿಟಕಿಗೂ ಅಗಲವಾದ ಛಜ್ಜೆ ಇಲ್ಲದಿದ್ದರೆ ಮಾದರಿಯ ಮೇಲೆ ಬಿಸಿಲಿನ ಪಟ್ಟಿ ಬೀಳುವುದು ಖಂಡಿತ.

ಛಾಯಾಚಿತ್ರದ ಡಾರ್ಕ್‌ರೂಮು, ಅದರ ಕೆಂಪು ದೀಪ, ಎನ್‌ಲಾರ್ಜರ್, ಹೈಪೊ ವಾಸನೆ ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಮೂಲೆಗೆ ಸರಿದವು. ಅನ್ವಯಿಕ ಕಲೆಯ ಟಿ–ಸ್ಕ್ವೇರು, ರೂಲಿಂಗ್ ಪೆನ್ನು, ಪೋಸ್ಟರ್ ಬಣ್ಣದ ಜಾಗಕ್ಕೆ ಕೋರೆಲ್ ಡ್ರಾ, ಫೋಟೊಶಾಪ್ ಬಂದವು. ಗಣಕದ ಕೋಣೆಯನ್ನು ಒದಗಿಸುವುದು ಆಡಳಿತಕ್ಕೆ ಸುಲಭ: ಎಲ್ಲ ವಿಭಾಗಗಳಿಗೂ ಅದೇ ಸಾಮಾನು, ಅದೇ ಟೆಂಡರು.

ಸಲಕರಣೆ ಇಲ್ಲದೆ ಕಲಾವಿದರಾಗುವುದಿಲ್ಲ ಎಂದು ಇದರಿಂದ ತಿಳಿಯಬಾರದು. ಬಾದಾಮಿಯ ಆರ್.ಎಂ. ಹಡಪದ್ 1960ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕೆನ್ ಕಲಾಶಾಲೆ ಅನುಕೂಲಗಳ ವಿಷಯದಲ್ಲಿ ಎಂದೂ ಶ್ರೀಮಂತವಾಗಿರಲಿಲ್ಲ. ಅಲ್ಲಿಂದ ಬಂದ ಕಲಾವಿದರ ತಲೆಮಾರು ಕರ್ನಾಟಕದ ಆಧುನಿಕ ಕಲೆಯ ಮುಂಚೂಣಿಯಲ್ಲಿದೆ. ಆದರೆ ಹಡಪದರಂಥ ಗುರು ಊರೂರಿಗೆ ಸಿಗುವುದಿಲ್ಲ. ಗಜೇಂದ್ರಗಡದ ನೇಕಾರರ ಮನೆಯ ಹುಡುಗಿಯೊಬ್ಬಳಿಗೆ ಮಗ್ಗದ ಲೆಕ್ಕ, ನೂಲಿನ ಬಣ್ಣ ಹುಟ್ಟಿನಿಂದಲೇ ಗೊತ್ತಿರುತ್ತದೆ. ಕಲಾ ಪದವಿಗೆ ಸೇರಿದಾಗ ಜವಳಿ ವಿನ್ಯಾಸಕ್ಕೆ ಕಾಲೇಜಿನಲ್ಲಿ ಒಂದು ಮಗ್ಗ, ಒಂದು ಬಣ್ಣದ ತೊಟ್ಟಿ ಇಲ್ಲದಿದ್ದರೆ ಅವಳು ಮನೆಯಿಂದ ತಂದ ವಿದ್ಯೆಯನ್ನು ಬದಿಗಿಟ್ಟು ಮತ್ತೆ ಹಿತ್ತಾಳೆ ತಂಬಿಗೆಯ ನೆರಳನ್ನೇ ಬರೆಯಬೇಕಾಗುತ್ತದೆ. ವಿಶ್ವವಿದ್ಯಾಲಯದ ಅನುದಾನ ಮೊದಲು ತಲುಪಬೇಕಾದ ಜಾಗ ಇಂಥ ಮಗ್ಗ, ತೊಟ್ಟಿಗಳ ಕೋಣೆ. ಯಂತ್ರದ ಜೊತೆಗೆ ಅದನ್ನು ಎಣ್ಣೆ ಹಾಕಿ ನೋಡಿಕೊಳ್ಳುವ, ಆಮ್ಲ ಅಳೆದು ಕೊಡುವ, ಭಟ್ಟಿಯ ತಂತಿ ಬದಲಿಸಬಲ್ಲ ಸ್ಟುಡಿಯೊ ಸಹಾಯಕನ ಕಾಯಂ ಹುದ್ದೆಯೂ ಮಂಜೂರಾಗಬೇಕು. ರೋಲರಿಗೆ ತುಕ್ಕು ಹಿಡಿದ ಪ್ರೆಸ್ಸಿನಲ್ಲಿ ಅಚ್ಚು ಸಮನಾಗಿ ಬೀಳುವುದಿಲ್ಲ.