ಬ್ಯಾರನ್ ಪರವಾನಗಿ (ಹುಣಸೂರು ಸೀಮೆ)

ವರ್ಜೀನಿಯಾ ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಹದಗೊಳಿಸುವ ಬ್ಯಾರನ್ ಕಟ್ಟಲು, ನಡೆಸಲು ತಂಬಾಕು ಮಂಡಳಿ ಕೊಡುವ ಅನುಮತಿಗೆ ಬ್ಯಾರನ್ ಪರವಾನಗಿ ಎಂದು ಹೆಸರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳ ಬೆಳೆಗಾರರಿಗೆ ಇದು ಪಹಣಿಯಷ್ಟೇ ಮುಖ್ಯವಾದ ಕಾಗದ. 1975ರ ಕಾಯ್ದೆಯಂತೆ ಮಂಡಳಿ 1976ರ ಜನವರಿ 1ರಂದು ಗುಂಟೂರಿನಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಹರಾಜು ಪದ್ಧತಿ ಬಂದದ್ದು 1984ರಲ್ಲಿ. ಬೆಳೆಗಾರನ ನೋಂದಣಿ ಬೇರೆ, ಬ್ಯಾರನ್ ಪರವಾನಗಿ ಬೇರೆ. ಎರಡೂ ಇದ್ದವನು ಕಾರ್ಡ್‌ದಾರ. ಮಂಡಳಿ ಪ್ರತಿ ಹಂಗಾಮಿಗೆ ಬೆಳೆಯ ಮಿತಿ ಗೊತ್ತುಮಾಡಿ ಬ್ಯಾರನ್ ಲೆಕ್ಕದಲ್ಲಿ ಹಂಚುತ್ತದೆ. ಕಂಪಲಾಪುರ, ಕಟ್ಟೆಮಳಲವಾಡಿಯಂಥ ಹರಾಜು ಮಾರುಕಟ್ಟೆಗಳಲ್ಲಿ ಸೊಪ್ಪು ಮಾರುವ ಹಕ್ಕು ಈ ಲೆಕ್ಕಕ್ಕೇ ಅಂಟಿಕೊಂಡಿದೆ.

ಈ ವ್ಯವಸ್ಥೆಯ ಮುಖ್ಯ ಕೊರತೆಯೂ ಇಲ್ಲಿಯೇ ಇದೆ. ಪರವಾನಗಿಯ ಒತ್ತು ಬ್ಯಾರನ್‌ಗಳ ಸಂಖ್ಯೆಯ ಮೇಲಿದೆಯೇ ಹೊರತು ಅವು ಎಷ್ಟು ಸೌದೆ ಉರಿಸುತ್ತವೆ ಎಂಬುದರ ಮೇಲಲ್ಲ. ಹದಗೊಳಿಸುವುದೆಂದರೆ ಶಾಖವನ್ನು ಹಂತಹಂತವಾಗಿ ಏರಿಸುವ ಕೆಲಸ: ಎಲೆ ಹಳದಿಗೆ ತಿರುಗಲು ಸುಮಾರು 35ರಿಂದ 40 ಡಿಗ್ರಿ, ಬಣ್ಣ ನಿಂತು ಎಲೆ ಒಣಗಲು 50ರ ಮೇಲೆ, ನಡುದಂಟು ಒಣಗಲು 70ರ ಹತ್ತಿರ. ಐದಾರು ದಿನ ಒಲೆ ಆರುವಂತಿಲ್ಲ. ಒಂದು ಕೆ.ಜಿ. ಹದವಾದ ಸೊಪ್ಪಿಗೆ ನಾಲ್ಕೈದು ಕೆ.ಜಿ. ಸೌದೆ ಬೇಕು. ಚಾವಣಿಯಿಂದ, ಸಂದುಗಳಿಂದ ಸೋರಿಹೋಗುವ ಶಾಖದ ಬೆಲೆಯೂ ಈ ಸೌದೆಯಲ್ಲಿ ಸೇರಿದೆ. ನಾಗರಹೊಳೆ ಅರಣ್ಯದ ಅಂಚಿನಲ್ಲಿರುವ ಈ ಸೀಮೆಯಲ್ಲಿ ನೀಲಗಿರಿ, ಸಿಲ್ವರ್ ಓಕ್ ಎಷ್ಟು ನೆಟ್ಟರೂ ಒಲೆಯ ಹಸಿವು ತಗ್ಗದಿದ್ದರೆ ಮರಗಳ ಮೇಲಿನ ಒತ್ತಡ ಇಳಿಯುವುದಿಲ್ಲ. ಚಾವಣಿಗೆ ಶಾಖ ತಡೆಯುವ ಹೊದಿಕೆ, ಒಳ್ಳೆಯ ಒಲೆ, ಉದುರಿದ ಎಲೆ ಕಾದ ಕೊಳವೆಗೆ ತಾಗಿ ಬೆಂಕಿ ಹತ್ತದಂತೆ ತಂತಿಬಲೆ, ಇವು ಪರವಾನಗಿಯ ಷರತ್ತುಗಳಾಗಬೇಕು.

ಸಣ್ಣ ರೈತನ ಮೇಲೆ ಇನ್ನೊಂದು ಖರ್ಚು ಹೊರಿಸಿದಂತಾಯಿತು ಎಂಬ ಆಕ್ಷೇಪ ಸರಿಯಾದುದೇ. ಆದರೆ ಸೌದೆಯ ಖರ್ಚನ್ನು ಪ್ರತಿ ವರ್ಷ ಹೊರುತ್ತಿರುವವನೂ ಅವನೇ. ಹೊದಿಕೆಗೆ ಹಾಕಿದ ಹಣ ಉಳಿದ ಸೌದೆಯಲ್ಲಿ ಹಿಂದಿರುಗುತ್ತದೆ. ಮೊದಲ ಹೂಡಿಕೆಗೆ ಮಂಡಳಿಯ ನೆರವು ಸಿಗಬೇಕಷ್ಟೆ. ಎರಡನೆಯ ಆಕ್ಷೇಪ ಇನ್ನೂ ತೂಕದ್ದು. 2005ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದಕ್ಕೆ ಭಾರತವೂ ಬದ್ಧ. ಹೀಗಿರುವಾಗ ಬ್ಯಾರನ್ ಸುಧಾರಿಸುವುದೇಕೆ? ಅದೇ ಒಪ್ಪಂದ ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಬೇಕೆಂದೂ ತಂಬಾಕು ಬೆಳೆಯುವಲ್ಲಿ ಪರಿಸರ ಕಾಪಾಡಬೇಕೆಂದೂ ಹೇಳುತ್ತದೆ. ಬದಲಿ ಬೆಳೆ ಕೈಗೆ ಹತ್ತುವವರೆಗೆ ಒಲೆ ಉರಿಯುತ್ತಲೇ ಇರುತ್ತದೆ. ಮರ ಉಳಿಸುವ ಕೆಲಸ ಅಲ್ಲಿಯವರೆಗೆ ಕಾಯಲಾಗದು.

ಕಾರ್ಡ್ ಇಲ್ಲದವರ ಸೊಪ್ಪನ್ನು ದಂಡ ಕಟ್ಟಿಸಿಕೊಂಡು, ಕೆಲವೊಮ್ಮೆ ದಂಡ ಮನ್ನಾ ಮಾಡಿ, ಹರಾಜಿಗೆ ಬಿಡಲು ಕೇಂದ್ರ ಸರ್ಕಾರ ಮತ್ತೆ ಮತ್ತೆ ಒಪ್ಪಿದೆ. ಬೆಳೆ ನಷ್ಟವಾದ ಕುಟುಂಬಕ್ಕೆ ಅದು ಆಸರೆ. ಆದರೆ ಪರವಾನಗಿಯ ಹಿಡಿತ ಅಷ್ಟರಮಟ್ಟಿಗೆ ಸಡಿಲವಾಯಿತು. ಹಾಗಾಗಿ ಹೊಸ ಷರತ್ತುಗಳಿದ್ದರೆ ಅವು ಕಾರ್ಡ್ ಇಲ್ಲದ ಬ್ಯಾರನ್‌ಗಳನ್ನೂ ತಲುಪಬೇಕು. 2025ರಲ್ಲಿ ನೋಂದಣಿ ಮತ್ತು ಪರವಾನಗಿಯ ಅವಧಿಯನ್ನು ಒಂದರಿಂದ ಮೂರು ವರ್ಷಕ್ಕೆ ಏರಿಸಲಾಯಿತು. ವರ್ಷವರ್ಷದ ಅಲೆದಾಟ ಇದರಿಂದ ತಪ್ಪುತ್ತದೆ. ನವೀಕರಣದ ಕಾಗದಪತ್ರಕ್ಕೆ ಹೋಗುತ್ತಿದ್ದ ಸಿಬ್ಬಂದಿಯ ಸಮಯದಲ್ಲಿ ಮೂರು ವರ್ಷಕ್ಕೊಮ್ಮೆಯಾದರೂ ಪ್ರತಿ ಬ್ಯಾರನ್‌ನ ಒಲೆ, ಕೊಳವೆ, ಚಾವಣಿಗಳನ್ನು ಸ್ಥಳದಲ್ಲೇ ಪರೀಕ್ಷಿಸಬಹುದು.