ಗ್ರಾಮೀಣ ಆರೋಗ್ಯ ಸಮೀಕ್ಷೆಗಳ ಮಾಹಿತಿದಾರರ ಹಿನ್ನೆಲೆ

ಕೆಲವು ವರ್ಷಗಳಿಗೊಮ್ಮೆ ಮರುಕಳಿಸುವ ಆರೋಗ್ಯ ಸಮೀಕ್ಷೆಗಳಲ್ಲಿ ಉತ್ತರ ಕೊಟ್ಟವರ ವಯಸ್ಸು, ಓದು, ವೈವಾಹಿಕ ಸ್ಥಿತಿ, ಜಾತಿ, ಧರ್ಮ, ಉದ್ಯೋಗ ಮತ್ತು ಮನೆಯ ಆಸ್ತಿಪಾಸ್ತಿಯ ವಿವರಗಳಿಗೆ ಮಾಹಿತಿದಾರರ ಹಿನ್ನೆಲೆ ಎನ್ನುತ್ತಾರೆ. ಭಾರತದಲ್ಲಿ ಇದರ ಮುಖ್ಯ ಆಕರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಕೇಂದ್ರ ಆರೋಗ್ಯ ಸಚಿವಾಲಯಕ್ಕಾಗಿ ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇದನ್ನು 1992-93, 1998-99, 2005-06, 2015-16 ಮತ್ತು 2019-21ರಲ್ಲಿ ನಡೆಸಿದೆ.

ಆಯ್ಕೆ: ನಾಲ್ಕನೆಯ ಮತ್ತು ಐದನೆಯ ಸುತ್ತುಗಳಲ್ಲಿ 2011ರ ಜನಗಣತಿಯ ಪಟ್ಟಿಯಿಂದ ಹಳ್ಳಿಗಳನ್ನು ಆರಿಸಿ, ಮನೆಗಳ ಪಟ್ಟಿ ತಯಾರಿಸಿ, ಪ್ರತಿ ಹಳ್ಳಿಯ ಪಟ್ಟಿಯಿಂದ 22 ಮನೆಗಳನ್ನು ತೆಗೆದುಕೊಳ್ಳಲಾಯಿತು. ಐದನೆಯ ಸುತ್ತಿನಲ್ಲಿ ದೇಶದಾದ್ಯಂತ 6,36,699 ಕುಟುಂಬಗಳು, 7,24,115 ಮಹಿಳೆಯರು ಹಾಗೂ 1,01,839 ಪುರುಷರು ಭಾಗವಹಿಸಿದರು. ಮನೆಯ ಕಾಯಂ ಸದಸ್ಯೆಯರ ಜೊತೆಗೆ ಹಿಂದಿನ ರಾತ್ರಿ ಅಲ್ಲಿ ತಂಗಿದ್ದ ಮಹಿಳೆಯರೂ ಸಂದರ್ಶನಕ್ಕೆ ಅರ್ಹರು. ಹೀಗಾಗಿ ಬಾಣಂತನಕ್ಕೆ ತವರಿಗೆ ಬಂದ ಮಗಳು ತವರುಮನೆಯ ಲೆಕ್ಕಕ್ಕೆ ಸೇರುವುದುಂಟು. ಮನೆಗೆ ಬೀಗ ಹಾಕಿ ಗುಳೆ ಹೋದ ಕುಟುಂಬ ಲೆಕ್ಕದಿಂದ ತಪ್ಪಿಹೋಗುವುದುಂಟು.

ಬದಲಾದ ವ್ಯಾಪ್ತಿ: ಮೊದಲ ಸುತ್ತಿನಲ್ಲಿ ಪ್ರಶ್ನೆ ಕೇಳಿದ್ದು ಮದುವೆಯಾಗಿದ್ದ 13-49 ವರ್ಷದ ಮಹಿಳೆಯರನ್ನು, ಎರಡನೆಯದರಲ್ಲಿ ಕನಿಷ್ಠ ವಯಸ್ಸು 15ಕ್ಕೇರಿತು. ಮೂರನೆಯದರಿಂದ ಅವಿವಾಹಿತೆಯರೂ ಪುರುಷರೂ ಸೇರಿದರು. ಇತರೆ ಹಿಂದುಳಿದ ವರ್ಗ ಎಂಬ ವಿಭಾಗ ಬಂದದ್ದು ಎರಡನೆಯ ಸುತ್ತಿನಲ್ಲಿ. ಆದ್ದರಿಂದ ಸುತ್ತುಗಳನ್ನು ಹೋಲಿಸುವ ಮೊದಲು ಎರಡೂ ಕಡೆ ಒಂದೇ ವಯಸ್ಸಿನ, ಒಂದೇ ವೈವಾಹಿಕ ಸ್ಥಿತಿಯ ಗುಂಪನ್ನು ಬೇರ್ಪಡಿಸಿಕೊಳ್ಳಬೇಕಾಗುತ್ತದೆ.

ಓದು: ಹತ್ತು ವರ್ಷ ಅಥವಾ ಹೆಚ್ಚು ಶಾಲೆ ಕಲಿತ ಗ್ರಾಮೀಣ ಮಹಿಳೆಯರು 2015-16ರಲ್ಲಿ ಶೇ 27.3ರಷ್ಟಿದ್ದರೆ 2019-21ರಲ್ಲಿ ಶೇ 33.7ರಷ್ಟಿದ್ದರು, ನಗರಗಳಲ್ಲಿ ಈ ಪ್ರಮಾಣ ಶೇ 56.3. ಓದಿದವರಲ್ಲಿ ಆಸ್ಪತ್ರೆ ಹೆರಿಗೆ ಹೆಚ್ಚು. ಹೀಗಾಗಿ ಹಳ್ಳಿಯಲ್ಲಿ ಅಂಥ ಹೆರಿಗೆ ಹೆಚ್ಚಿದಾಗ ಅದರಲ್ಲಿ ಸೇವೆಯ ಸುಧಾರಣೆಯ ಪಾಲೆಷ್ಟು, ತಾಯಂದಿರ ಓದಿನ ಪಾಲೆಷ್ಟು ಎಂದು ಬಿಡಿಸಿ ನೋಡಲು ಹಿನ್ನೆಲೆಯ ಕೋಷ್ಟಕಗಳು ಬೇಕು.

ಆಸ್ತಿ: ಸಮೀಕ್ಷೆ ಆದಾಯ ಕೇಳುವುದಿಲ್ಲ. ಗೋಡೆ, ನೆಲ, ಶೌಚಾಲಯ, ಅಡುಗೆಯ ಇಂಧನ, ಕುಕ್ಕರ್, ಮಂಚ, ಫ್ಯಾನು, ಸೈಕಲ್, ಎತ್ತಿನಗಾಡಿ, ಪಂಪ್‌ಸೆಟ್ ಮುಂತಾದವುಗಳಿಂದ ಸಂಪತ್ತಿನ ಸೂಚ್ಯಂಕ ಕಟ್ಟಿ, ಜನಸಂಖ್ಯೆಯನ್ನು ಐದು ಸಮಪಾಲು ಮಾಡುತ್ತದೆ. ಪ್ರತಿ ಸುತ್ತಿನಲ್ಲೂ ಸೂಚ್ಯಂಕ ಹೊಸದಾಗಿ ಸಿದ್ಧವಾಗುವುದರಿಂದ ಕಡುಬಡವರ ಪಾಲು ಸದಾ ಐದರಲ್ಲಿ ಒಂದು ಭಾಗವೇ. ಅಡುಗೆಗೆ ಶುದ್ಧ ಇಂಧನ ಬಳಸುವ ಗ್ರಾಮೀಣ ಕುಟುಂಬಗಳು ನಾಲ್ಕನೆಯ ಮತ್ತು ಐದನೆಯ ಸುತ್ತುಗಳ ನಡುವೆ ಶೇ 24ರಿಂದ ಶೇ 43.2ಕ್ಕೆ ಏರಿದವು. ಆದರೆ ಪಾಲುಗಳು ಸಾಪೇಕ್ಷವಾದ್ದರಿಂದ ಗ್ಯಾಸ್ ಬಂದ ಮನೆಯೂ ಕೆಳಗಿನ ಪಾಲಿನಲ್ಲೇ ಉಳಿದಿರಬಹುದು.

ಮಿತಿ: ಪ್ರತಿ ಸುತ್ತಿನಲ್ಲೂ ಮನೆಗಳನ್ನು ಹೊಸದಾಗಿ ಆರಿಸುವುದರಿಂದ ಒಂದು ಕುಟುಂಬದ ಏಳುಬೀಳು ಇಲ್ಲಿ ಕಾಣುವುದಿಲ್ಲ, ಕಾಣುವುದು ಗುಂಪುಗಳ ಸರಾಸರಿ. ಅದೇ ಕುಟುಂಬಗಳನ್ನು ಮರಳಿ ಕಂಡ ಅಧ್ಯಯನಕ್ಕೆ ಉದಾಹರಣೆ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ. 2004-05ರಲ್ಲಿ ಮಾತಾಡಿಸಿದ ಕುಟುಂಬಗಳಲ್ಲಿ ಹೆಚ್ಚಿನವನ್ನು ಅದು 2011-12ರಲ್ಲಿ ಮತ್ತೆ ಸಂದರ್ಶಿಸಿತು.